ಹಳೆಯ ಇಂಗ್ಲಿಷ್ ಮನೆಯ ಚಿಮ್ನಿ ಗೋಡೆಗೆ ಗಾರೆ: ಬರಿ ಇಟ್ಟಿಗೆಯಿಂದ ಬಣ್ಣದವರೆಗೆ

ಬ್ರಿಟನ್ನಿನ ಹಳೆಯ ಸಾಲುಮನೆಗಳಲ್ಲಿ ಹಾಲ್‌ನ ಒಂದು ಗೋಡೆಯ ನಡುಭಾಗ ಒಂದಡಿಗೂ ಜಾಸ್ತಿ ಮುಂದಕ್ಕೆ ಬಂದಿರುತ್ತದೆ. ಅಗ್ಗಿಷ್ಟಿಕೆಯನ್ನೂ ಅದರ ಹೊಗೆ ಕೊಳವೆಯನ್ನೂ ಒಳಗಿಟ್ಟುಕೊಂಡ ಇಟ್ಟಿಗೆ ಕೆಲಸ ಅದು. ಇಲ್ಲಿನವರು ಚಿಮ್ನಿ ಬ್ರೆಸ್ಟ್ ಅನ್ನುತ್ತಾರೆ. ನಾನು ಚಿಮ್ನಿ ಗೋಡೆ ಅಂತಲೇ ಬರೆಯುತ್ತೇನೆ. ಎಷ್ಟೋ ಮನೆಗಳಲ್ಲಿ ಹಿಂದಿನ ಮಾಲೀಕರು ಇದರ ಗಾರೆ ಕಿತ್ತು, ಇಟ್ಟಿಗೆ ಕಾಣುವ ಹಾಗೆ ಬಿಟ್ಟಿರುತ್ತಾರೆ. ಕೆಲವು ವರ್ಷ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಇಟ್ಟಿಗೆ ಪುಡಿ ಉದುರುತ್ತದೆ, ಕೋಣೆ ಕತ್ತಲೆ ಅನ್ನಿಸುತ್ತದೆ, ಮತ್ತೆ ನುಣ್ಣಗೆ ಗಾರೆ ಮಾಡೋಣ ಅನ್ನಿಸುತ್ತದೆ.

ಲೆಸ್ಟರ್, ರೆಡಿಂಗ್, ಮ್ಯಾಂಚೆಸ್ಟರ್ ಕಡೆ ಇಂಥ ಮನೆ ಕೊಂಡ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಾಳ್ಮೆ ಇದ್ದರೆ ಈ ಕೆಲಸವನ್ನು ಸ್ವಂತವಾಗಿ ಮಾಡಬಹುದು. ಮೇಸ್ತ್ರಿ ಕೈಯಲ್ಲಿ ಮಾಡಿಸಿದರೂ ಏನು ಕೇಳಬೇಕು ಅಂತ ಗೊತ್ತಿರಬೇಕು. ಯಾಕಂದ್ರೆ ಈ ಗೋಡೆಯನ್ನು ಉಳಿದ ಗೋಡೆಗಳ ಹಾಗೆ ಕಂಡರೆ ಕೆಟ್ಟಿತು. ಕಣ್ಣಿಗೆ ಕಾಣುವ ನುಣುಪು ಕೊನೆಯ 3 ಮಿಲಿಮೀಟರಿನದು. ಗಾರೆ ಬಾಳುವುದು ಅದರ ಹಿಂದೆ ಏನು ಮೆತ್ತಿದ್ದೀರಿ, ಕೊಳವೆಗೆ ಗಾಳಿ ಬಿಟ್ಟಿದ್ದೀರಾ ಅನ್ನುವುದರ ಮೇಲೆ.

ಗೋಡೆಯೊಳಗೆ ಏನಿದೆ

1919ಕ್ಕಿಂತ ಹಿಂದಿನ ಮನೆಗಳ ಇಟ್ಟಿಗೆ ಮೆದು. ಸಂದಿನಲ್ಲಿರುವುದು ಸಿಮೆಂಟಲ್ಲ, ಸುಣ್ಣದ ಗಾರೆ. ಕೊಳವೆಯ ಒಳಮೈಗೆ ಆಗಿನ ಕಾಲದವರು ಸುಣ್ಣದ ಗಾರೆಗೆ ಸೆಗಣಿ ಕಲಸಿ ಬಳಿಯುತ್ತಿದ್ದರು. ಸೆಗಣಿ ಸಾರಿಸಿದ ನೆಲ ನೋಡಿ ಬೆಳೆದ ನಮಗೆ ಇದು ಕೇಳಿ ಖುಷಿ ಆಗುತ್ತದೆ. ಆದರೆ ನೂರು ವರ್ಷದ ಬೆಂಕಿಗೆ ಆ ಬಳಿತ ಸುಮಾರು ಕಡೆ ಉದುರಿ ಹೋಗಿರುತ್ತದೆ.

ಆ ಅಗ್ಗಿಷ್ಟಿಕೆಗಳಲ್ಲಿ ಉರಿದದ್ದು ಕಲ್ಲಿದ್ದಲು. 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಹೊಗೆಮಂಜು ಕವಿದು ಸಾವಿರಾರು ಜನ ಸತ್ತರು. 1956ರಲ್ಲಿ ಕ್ಲೀನ್ ಏರ್ ಆಕ್ಟ್ ಬಂತು. ಆಮೇಲೆ ಗ್ಯಾಸ್ ಹೀಟಿಂಗ್ ಬಂದು ಬಹಳಷ್ಟು ಅಗ್ಗಿಷ್ಟಿಕೆಗಳು ಆರಿದವು. ಬೆಂಕಿ ಆರಿದರೂ ಮಸಿ ಒಳಗೇ ಉಳಿಯಿತು. ಆ ಮಸಿಯಲ್ಲಿ ಡಾಂಬರಿನಂಥ ಜಿಡ್ಡಿದೆ, ಸಲ್ಫೇಟ್ ಮತ್ತು ಕ್ಲೋರೈಡ್ ಉಪ್ಪುಗಳಿವೆ. ಚಿಮ್ನಿಯ ಬಾಯಿಂದ ಮಳೆ ನೀರು ಇಳಿದಾಗ ಇವು ಕರಗಿ ಇಟ್ಟಿಗೆಯ ಮೂಲಕ ಕೋಣೆಯ ಕಡೆ ಬರುತ್ತವೆ.

ಈ ಉಪ್ಪುಗಳದ್ದು ಒಂದು ಗುಣ. ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಳ್ಳುತ್ತವೆ. ಮಳೆ ಬರುವ ದಿನ ಗೋಡೆಯ ಮೇಲೆ ಒದ್ದೆ ಕಲೆ ಕಾಣುತ್ತದೆ, ಹೀಟಿಂಗ್ ಹಾಕಿ ಕೋಣೆ ಒಣಗಿದಾಗ ಮಾಯ. ನೀರು ಎಲ್ಲೋ ಸೋರುತ್ತಿದೆ ಅಂತ ಹುಡುಕುತ್ತಾ ಕೂತರೆ ಸಿಗುವುದಿಲ್ಲ. ಮುಳ್ಳು ಚುಚ್ಚಿ ನೋಡುವ ತೇವದ ಮೀಟರ್ ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. ಉಪ್ಪಿದ್ದ ಕಡೆ ಅದು ತೇವ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಬರಿ ಮೀಟರ್ ಅಂಕಿ ನೋಡಿ ದೊಡ್ಡ ಖರ್ಚಿಗೆ ಒಪ್ಪಬೇಡಿ.

ಮಹಡಿಯ ಕೋಣೆಯಲ್ಲಿ ಕಲೆಯ ಆಕಾರವನ್ನೇ ಗಮನಿಸಿ. ಪ್ರತಿ ಅಗ್ಗಿಷ್ಟಿಕೆಗೂ ಬೇರೆ ಕೊಳವೆ ಇರುತ್ತದೆ. ಕೆಳಗಿನ ಕೋಣೆಯ ಕೊಳವೆ ಮೇಲಿನ ಅಗ್ಗಿಷ್ಟಿಕೆಯನ್ನು ಬಳಸಿಕೊಂಡು ಪಕ್ಕಕ್ಕೆ ಬಾಗಿ ಮೇಲೇರುತ್ತದೆ. ಕಲೆ ಚಿಮ್ನಿ ಗೋಡೆಯ ಒಂದೇ ಪಕ್ಕದಲ್ಲಿ, ಓರೆಯಾಗಿ ಮೇಲಕ್ಕೆ ಹೋಗಿದ್ದರೆ ಅದು ಬಹುಮಟ್ಟಿಗೆ ಕೊಳವೆಯ ದಾರಿ. ಗಾರೆ ಕಿತ್ತ ಮೇಲೆ ಅದೇ ದಾರಿಯಲ್ಲಿ ಇಟ್ಟಿಗೆ ಕಪ್ಪಾಗಿರುವುದೂ ಕಾಣುತ್ತದೆ. ಸೀಮೆಸುಣ್ಣದಿಂದ ಆ ಜಾಗ ಗುರುತು ಮಾಡಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಎರಡು ಸಲ ಬೇಕಾಗುತ್ತದೆ.

ಕೈ ಹಾಕುವ ಮುಂಚೆ

ಮೊದಲು ಛಾವಣಿ. ಚಿಮ್ನಿ ಛಾವಣಿಯನ್ನು ಸೇರುವ ಕಡೆ ಸುತ್ತಲೂ ಸೀಸದ ತಗಡು ಇರುತ್ತದೆ. ಅದು ಎದ್ದಿದೆಯಾ, ಚಿಮ್ನಿಯ ತುದಿಯಲ್ಲಿ ಹೊಗೆ ಬಿಡುವ ಮಣ್ಣಿನ ಮಡಕೆಗಳ ಬುಡದ ಗಾರೆ ಬಿರುಕು ಬಿಟ್ಟಿದೆಯಾ, ಚಿಮ್ನಿಯ ಇಟ್ಟಿಗೆ ಸಂದು ಖಾಲಿಯಾಗಿದೆಯಾ, ಇದನ್ನು ರೂಫರ್ ಒಬ್ಬರಿಂದ ನೋಡಿಸಿ. ಬಳಸದ ಕೊಳವೆಯ ಮಡಕೆಗೆ ಮಳೆ ತಡೆದು ಗಾಳಿ ಬಿಡುವ ಮುಚ್ಚಳ ಹಾಕಿಸಿ. ಮೇಲಿಂದ ನೀರು ಇಳಿಯುತ್ತಿದ್ದರೆ ಕೆಳಗೆ ಎಂಥ ಗಾರೆ ಮಾಡಿದರೂ ದಂಡ. ಛಾವಣಿ ಸರಿಯಾದ ಮೇಲೆ ಇಟ್ಟಿಗೆಗೆ ಒಣಗಲು ಕೆಲವು ವಾರ ಕೊಡಿ.

ಎರಡನೆಯದು, ಬೆಂಕಿ ಉಂಟೋ ಇಲ್ಲವೋ. ಅಲ್ಲಿ ಕಟ್ಟಿಗೆ ಒಲೆ ಕೂರಿಸುವ ಯೋಚನೆ ಇದ್ದರೆ ಈಗಲೇ ತೀರ್ಮಾನ ಮಾಡಿ, ಯಾಕಂದ್ರೆ ಗಾರೆಯ ಆಯ್ಕೆ ಅದರಿಂದಲೇ ಬದಲಾಗುತ್ತದೆ. ಜಿಪ್ಸಮ್ ಗಾರೆ ಸತತವಾಗಿ 49 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ತಾಳುವುದಿಲ್ಲ. ಅದರೊಳಗಿನ ನೀರಿನಂಶ ಬಿಟ್ಟುಹೋಗಿ ಪುಡಿಯಾಗುತ್ತದೆ. ಒಲೆಯ ಗೂಡಿನ ಸುತ್ತ ಈ ಬಿಸಿ ಸುಲಭವಾಗಿ ದಾಟುತ್ತದೆ. ಕಟ್ಟಿಗೆ ಒಲೆ ಕೂರಿಸುವವರು ಹೆಟಾಸ್ ಅನ್ನುವ ಸಂಸ್ಥೆಯ ನೋಂದಣಿ ಇರುವವರಾಗಿದ್ದರೆ ಕಟ್ಟಡ ನಿಯಮದ ಕಾಗದವನ್ನು ಅವರೇ ನೋಡಿಕೊಳ್ಳುತ್ತಾರೆ. ಹಳೆಯ ಗ್ಯಾಸ್ ಫೈರ್ ಇದ್ದರೆ ಗ್ಯಾಸ್ ಸೇಫ್ ನೋಂದಣಿಯವರೇ ಬಿಚ್ಚಬೇಕು. ಇದರಲ್ಲಿ ಸ್ವಂತ ಪ್ರಯೋಗ ಬೇಡವೇ ಬೇಡ.

ಮೂರನೆಯದು, ಕಣ್ಣಿಗೆ ಕಾಣದ ಅಪಾಯ. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾದದ್ದು 1999ರಲ್ಲಿ. ಅದಕ್ಕೂ ಹಿಂದೆ ಅಗ್ಗಿಷ್ಟಿಕೆಯ ಬಾಯಿ ಮುಚ್ಚಲು ಹಾಕಿದ ಬೂದು ಹಲಗೆ ಆಸ್ಬೆಸ್ಟಾಸ್‌ನದ್ದಾಗಿರಬಹುದು. ಗೋಡೆಯ ಮೇಲಿನ ಉಬ್ಬು ಚಿತ್ತಾರದ ಹಳೆಯ ಬಳಿತದಲ್ಲೂ ಇರಬಹುದು. ಅನುಮಾನ ಬಂದರೆ ಒಡೆಯಬೇಡಿ, ಕೊರೆಯಬೇಡಿ. ಪ್ರಯೋಗಾಲಯದವರಿಂದ ಪರೀಕ್ಷೆ ಮಾಡಿಸಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒಣಗಿದ ಹಾಗೇ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬಾರದು.

ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯಾದರೆ ಕೌನ್ಸಿಲ್ ಒಪ್ಪಿಗೆ ಬೇಕಾಗಬಹುದು. ಮೊದಲೇ ಕೇಳಿ. ಚಿಮ್ನಿ ಗೋಡೆಯನ್ನೇ ಕಿತ್ತು ತೆಗೆಯುವುದು ಬೇರೆಯದೇ ಕೆಲಸ. ಅದಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಬೇಕು, ಪಕ್ಕದ ಮನೆಯವರಿಗೆ ನೋಟಿಸೂ ಬೇಕಾಗುತ್ತದೆ. ಅದನ್ನು ಇಲ್ಲಿ ಮುಟ್ಟುವುದಿಲ್ಲ.

ಯಾವ ಗಾರೆ?

ನಮ್ಮೂರಲ್ಲಿ ಗಟ್ಟಿ ಸಿಮೆಂಟ್ ಗಾರೆ ಅಂದ್ರೆ ಒಳ್ಳೆ ಗಾರೆ. ಈ ಗೋಡೆಗೆ ಅದು ಸಲ್ಲದು. ಮೆದು ಇಟ್ಟಿಗೆಯ ಮೇಲೆ ಗಟ್ಟಿ ಗಾರೆ ಹಾಕಿದರೆ, ಗೋಡೆ ಒಂಚೂರು ಅಲುಗಿದಾಗ ಗಾರೆ ಬಾಗುವುದಿಲ್ಲ. ಇಟ್ಟಿಗೆಯ ಮೇಲ್ಪದರವನ್ನೇ ಕಿತ್ತುಕೊಂಡು ಬರುತ್ತದೆ. ಜೊತೆಗೆ ಮಸಿಯ ಸಲ್ಫೇಟ್ ಸಿಮೆಂಟಿನ ಜೊತೆ ಸೇರಿ ಉಬ್ಬಿ ಅದನ್ನು ಒಳಗಿಂದಲೇ ಒಡೆಯುತ್ತದೆ. ಗಾರೆ ಯಾವಾಗಲೂ ಹಿಂದಿನ ಇಟ್ಟಿಗೆಗಿಂತ ಮೆದುವಾಗಿರಬೇಕು.

ಹಾಗಂತ ಜಿಪ್ಸಮ್ ದಪ್ಪ ಗಾರೆಯನ್ನು ನೇರವಾಗಿ ಇಟ್ಟಿಗೆಗೆ ಮೆತ್ತುವುದೂ ಬೇಡ. ಬೇಗ ಆಗುತ್ತದೆ ಅಂತ ಇಲ್ಲಿ ಬಹಳ ಜನ ಮಾಡುತ್ತಾರೆ. ಮಸಿ ಕುಡಿದ ಇಟ್ಟಿಗೆಯ ಮೇಲೆ ಜಿಪ್ಸಮ್ ಆ ತೇವವನ್ನೂ ಉಪ್ಪನ್ನೂ ಹೀರಿಕೊಂಡು ಹೊರಗೆ ತರುತ್ತದೆ. ಪ್ಲಾಸ್ಟರ್‌ಬೋರ್ಡನ್ನು ಅಂಟಿನ ಮುದ್ದೆಗಳ ಮೇಲೆ ಕೂರಿಸುವುದೂ ಹಾಗೇ. ಪ್ರತಿ ಮುದ್ದೆಯೂ ಉಪ್ಪಿಗೆ ಒಂದು ಸೇತುವೆ. ಎಲ್ಲೆಲ್ಲಿ ಮುದ್ದೆ ಇದೆಯೋ ಅಲ್ಲಲ್ಲಿ ಕಲೆ ಏಳುತ್ತದೆ.

ಉಳಿಯುವ ದಾರಿ ಎರಡು. ಬೆಂಕಿ ಇಲ್ಲದ, ಒಣಗಿದ ಚಿಮ್ನಿಗೆ 1 ಪಾಲು ಸಿಮೆಂಟು, 1 ಪಾಲು ಸುಣ್ಣದ ಪುಡಿ, 6 ಪಾಲು ಮರಳು. ಇದರ ಎರಡು ಪದರ, ಮೇಲೆ ಜಿಪ್ಸಮ್‌ನ ತೆಳು ಲೇಪ. ಒಲೆ ಉರಿಯುವ ಚಿಮ್ನಿಗೆ, ಅಥವಾ ಇಟ್ಟಿಗೆ ತೀರಾ ಮೆದುವಾಗಿದ್ದರೆ, ಪೂರ್ತಿ ಸುಣ್ಣ. ನೀರಲ್ಲೂ ಗಟ್ಟಿಯಾಗುವ ಎನ್‌ಎಚ್‌ಎಲ್ 3.5 ಅನ್ನುವ ಸುಣ್ಣ 1 ಪಾಲಿಗೆ ಎರಡೂವರೆ ಪಾಲು ಮರಳು. ಮೇಲಿನ ಲೇಪವೂ ಸುಣ್ಣದ್ದೇ. ಸುಣ್ಣದ್ದು ನಿಧಾನದ ಕೆಲಸ, ಖರ್ಚೂ ಸ್ವಲ್ಪ ಜಾಸ್ತಿ. ಆದರೂ ಹಳೆಯ ಮನೆಗೆ ನನ್ನ ಮೊದಲ ಆಯ್ಕೆ ಅದೇ. ಇಟ್ಟಿಗೆ, ಸಂದು, ಗಾರೆ ಮೂರೂ ಒಂದೇ ಜಾತಿಯವಾಗುತ್ತವೆ, ತೇವ ಬಂದರೂ ಹೊರಗೆ ಹೋಗಲು ದಾರಿ ಇರುತ್ತದೆ.

ಇಟ್ಟಿಗೆ ಪೂರ್ತಿ ಕಪ್ಪಾಗಿ, ಮೇಲೆ ಬಿಳಿ ಉಪ್ಪು ಪದೇ ಪದೇ ಬರುತ್ತಿದ್ದರೆ, ಬೆಂಕಿ ಇಲ್ಲದ ಚಿಮ್ನಿಗೆ ಮೂರನೆಯ ಉಪಾಯ ಇದೆ. ಮೈತುಂಬಾ ಉಬ್ಬುಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಬಡಿದು, ಅದರ ಮೇಲಿನ ಬಲೆಗೆ ಗಾರೆ ಮಾಡುವುದು. ಇಟ್ಟಿಗೆಗೂ ಗಾರೆಗೂ ನೇರ ಸಂಪರ್ಕವೇ ಇರುವುದಿಲ್ಲ.

ಗೋಡೆಯನ್ನು ಹದಕ್ಕೆ ತರುವುದು

ಕಾರ್ಪೆಟ್ ಮಡಿಸಿ, ನೆಲಕ್ಕೆ ದಪ್ಪ ಹಾಳೆ ಹಾಸಿ, ಬಾಗಿಲ ಸಂದಿಗೆ ಟೇಪ್ ಹಚ್ಚಿ. ಮಸಿ ಒಂದು ಸಲ ಮನೆಯಲ್ಲಿ ಹರಡಿದರೆ ವಾರಗಟ್ಟಲೆ ಹೋಗುವುದಿಲ್ಲ. ಎಫ್‌ಎಫ್‌ಪಿ3 ಮಾಸ್ಕ್ ಹಾಕಿಕೊಳ್ಳಿ. ಇಟ್ಟಿಗೆ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಸುಮ್ನೆ ಬಟ್ಟೆ ಕಟ್ಟಿಕೊಂಡರೆ ಸಾಲದು. ಗೋಡೆಯಲ್ಲಿ ಸ್ವಿಚ್ಚು, ಸಾಕೆಟ್ ಇದ್ದರೆ ಮೇನ್ ಆಫ್ ಮಾಡಿ.

ಹಳೆಯ ಗಾರೆಯ ತುಂಡುಗಳು ಉಳಿದಿದ್ದರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದನ್ನೆಲ್ಲ ತೆಗೆಯಿರಿ. ಕಲೆ ಇದ್ದ ಕಡೆ ಗಟ್ಟಿಯಾಗಿದ್ದರೂ ತೆಗೆಯಬೇಕು, ಕಲೆಯ ಅಂಚಿನಿಂದ ಒಂದಡಿ ಆಚೆವರೆಗೂ. ಅದರೊಳಗೆ ಉಪ್ಪು ಕೂತಿರುತ್ತದೆ. ಸುತ್ತಿಗೆ, ಅಗಲ ಉಳಿ ಸಾಕು. ಯಂತ್ರ ಬಳಸಿದರೆ ಕೈ ಹಗುರವಾಗಿರಲಿ, ಮೆದು ಇಟ್ಟಿಗೆಯ ಮುಖವೇ ಹಾರಿಹೋಗುತ್ತದೆ.

ಆಮೇಲೆ ಸಂದು. ಸಡಿಲ ಗಾರೆಯನ್ನು 10ರಿಂದ 15 ಮಿಲಿಮೀಟರ್ ಆಳಕ್ಕೆ ಕೆರೆದು ತೆಗೆಯಿರಿ. ಹೊಸ ಗಾರೆಗೆ ಅದೇ ಹಿಡಿತ. ಅದಕ್ಕಿಂತ ಆಳವಾಗಿ ಖಾಲಿಯಾಗಿರುವ ಸಂದನ್ನು ಸುಣ್ಣದ ಗಾರೆಯಿಂದ ತುಂಬಿ. ಸಡಿಲವಾದ ಇಟ್ಟಿಗೆ ಇದ್ದರೆ ತೆಗೆದು ಮತ್ತೆ ಕೂರಿಸಿ. ಇಡೀ ಗೋಡೆಯನ್ನು ಗಟ್ಟಿ ಬ್ರಷ್‌ನಿಂದ ಒಣಗಿದ ಹಾಗೇ ಉಜ್ಜಿ, ವ್ಯಾಕ್ಯೂಮ್ ಮಾಡಿ. ನೀರು ಹಾಕಿ ತೊಳೆಯಬೇಡಿ. ಮೇಲೆ ಬಂದ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೇ ಹೋಗುತ್ತದೆ.

ಇಟ್ಟಿಗೆಗೆ ಯಾರಾದರೂ ಬಣ್ಣ ಬಳಿದಿದ್ದರೆ ತಲೆನೋವು ಜಾಸ್ತಿ. ಗಾರೆ ಹಿಡಿಯುವುದು ಇಟ್ಟಿಗೆಯನ್ನಲ್ಲ, ಆ ಬಣ್ಣದ ಪೊರೆಯನ್ನು. ಪೊರೆ ಎದ್ದರೆ ಗಾರೆಯೂ ಎದ್ದಿತು. ಆದಷ್ಟು ಬಣ್ಣ ತೆಗೆಯಿರಿ, ಉಳಿದ ಕಡೆ ಉಳಿಯಿಂದ ಒತ್ತೊತ್ತಾಗಿ ಕಚ್ಚು ಹಾಕಿ ಇಟ್ಟಿಗೆ ಕಾಣುವಂತೆ ಮಾಡಿ. ಸಿಮೆಂಟ್ ಗಾರೆಯಾದರೆ ಎಸ್‌ಬಿಆರ್ ಅನ್ನುವ ರಬ್ಬರಿನಂಥ ಅಂಟಿನ ದ್ರಾವಣಕ್ಕೆ ಸಿಮೆಂಟ್ ಕಲಸಿ ತೆಳ್ಳಗೆ ಬಳಿದು, ಅದು ಇನ್ನೂ ಅಂಟಂಟಾಗಿರುವಾಗಲೇ ಗಾರೆ ಮೆತ್ತಬೇಕು. ಪಿವಿಎ ಅಂಟು ಇಲ್ಲಿ ಬೇಡ. ತೇವ ತಾಗಿದರೆ ಅದು ಮತ್ತೆ ಮೆತ್ತಗಾಗುತ್ತದೆ. ಸುಣ್ಣದ ಗಾರೆಗೆ ಇಂಥ ಯಾವ ಅಂಟೂ ಬಳಸುವಂತಿಲ್ಲ, ಹಾಗಾಗಿ ಬಣ್ಣ ಪೂರ್ತಿ ಹೋಗಲೇಬೇಕು.

ಅಗ್ಗಿಷ್ಟಿಕೆಯ ಬಾಯಿ ಮುಚ್ಚುವುದಾದರೆ ಈಗ ಇಟ್ಟಿಗೆಯಿಂದ ಮುಚ್ಚಿ. ತಳದಲ್ಲಿ 9 ಇಂಚು ಅಗಲ, 3 ಇಂಚು ಎತ್ತರದ ಗಾಳಿ ಕಿಂಡಿಗೆ ಜಾಗ ಬಿಡಲೇಬೇಕು. ಕೆಳಗಿನ ಕಿಂಡಿ, ಮೇಲಿನ ಮುಚ್ಚಳ ಎರಡೂ ಇದ್ದರೆ ಕೊಳವೆಯಲ್ಲಿ ಗಾಳಿ ಮೇಲೇರುತ್ತಾ ಇಟ್ಟಿಗೆ ಒಣಗಿರುತ್ತದೆ. ಚಳಿ ಬರುತ್ತದೆ ಅಂತ ಕಿಂಡಿ ಮುಚ್ಚಿದವರ ಗೋಡೆಯಲ್ಲೇ ಕಲೆ ಮೊದಲು ಕಾಣುವುದು. ಹಳೆ ಇಟ್ಟಿಗೆ ಮತ್ತು ಹೊಸದು ಸೇರುವ ಗೆರೆ, ಬಾಯಿಯ ಮೇಲಿನ ಲಿಂಟಲ್, ಈ ಎರಡು ಕಡೆ ಬಿರುಕು ಖಂಡಿತ. ಅಲ್ಲಿ ಗಾರೆಯೊಳಗೆ ನಾರಿನ ಬಲೆ ಹುದುಗಿಸಲು ತುಂಡುಗಳನ್ನು ಈಗಲೇ ಕತ್ತರಿಸಿಡಿ, ಗೆರೆಯ ಎರಡೂ ಪಕ್ಕ 15 ಸೆಂಟಿಮೀಟರ್ ಬರುವ ಹಾಗೆ.

ಸಾಮಾನಿನ ಲೆಕ್ಕ

ಒಂದೂವರೆ ಮೀಟರ್ ಅಗಲ, 2.7 ಮೀಟರ್ ಎತ್ತರ, ಎರಡು ಪಕ್ಕ 35 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಸುಮಾರು 6 ಚದರ ಮೀಟರ್ ಆಯಿತು. ಎರಡು ಪದರ ಸೇರಿ 18 ಮಿಲಿಮೀಟರ್ ಗಾರೆಗೆ ಮರಳು 200 ಕಿಲೋ ಬೇಕು, ಅಂದ್ರೆ 25 ಕಿಲೋದ 8 ಚೀಲ. 1:1:6 ಆದರೆ ಸಿಮೆಂಟು 2 ಚೀಲ, ಸುಣ್ಣದ ಪುಡಿ 1 ಚೀಲ. ಎನ್‌ಎಚ್‌ಎಲ್ ಆದರೆ 25 ಕಿಲೋದ 2 ಚೀಲ. ಲೇಪಕ್ಕೆ ಥಿಸಲ್ ಮಲ್ಟಿ ಫಿನಿಶ್ ಅನ್ನುವ ಜಿಪ್ಸಮ್ ಪುಡಿಯ 25 ಕಿಲೋ ಚೀಲ 2 ಮಿಲಿಮೀಟರ್ ದಪ್ಪಕ್ಕೆ ಸುಮಾರು 10 ಚದರ ಮೀಟರ್ ಬರುತ್ತದೆ. ಒಂದು ಸಾಕು, ಎರಡು ತನ್ನಿ. ಅರ್ಧ ಗೋಡೆಯಲ್ಲಿ ಲೇಪ ಮುಗಿದುಹೋದರೆ ಆ ಜೋಡಣೆ ಎಂದಿಗೂ ಕಾಣುತ್ತಲೇ ಇರುತ್ತದೆ.

ಅಂಗಡಿಯಲ್ಲಿ ಮರಳು ಕೇಳುವಾಗ ತೊಳೆದ ಪ್ಲಾಸ್ಟರಿಂಗ್ ಸ್ಯಾಂಡ್ ಅಂತಲೇ ಕೇಳಿ. ಬಿಲ್ಡಿಂಗ್ ಸ್ಯಾಂಡ್ ತುಂಬಾ ನುಣುಪು, ಒಣಗುವಾಗ ಗಾರೆ ಕುಗ್ಗಿ ಬಿರುಕು ಬಿಡುತ್ತದೆ. ಉಪಕರಣಗಳಲ್ಲಿ ನಮ್ಮ ಕರಣೆ, ರಸಮಟ್ಟ, ಉದ್ದ ಪಟ್ಟಿ, ಉಜ್ಜುವ ಮರದ ಹಲಗೆ ಇದ್ದೇ ಇವೆ. ಇಲ್ಲಿ ಇನ್ನೊಂದು ಬೇಕು. ಗಾರೆ ಹಿಡಿದುಕೊಳ್ಳಲು ಕೆಳಗೆ ಹಿಡಿ ಇರುವ ಚೌಕ ತಟ್ಟೆ. ನಮ್ಮೂರಿನ ಗಾರೆಯವರು ಬಾಣಲಿಯಿಂದ ಎತ್ತಿ ಗೋಡೆಗೆ ಬೀಸಿ ಹೊಡೆಯುತ್ತಾರೆ. ಇಲ್ಲಿಯವರು ಈ ತಟ್ಟೆಯಿಂದ ಅಗಲ ಸ್ಟೀಲ್ ಕರಣೆಗೆ ತೆಗೆದುಕೊಂಡು ಒತ್ತಿ ಎಳೆಯುತ್ತಾರೆ. ಕಾರ್ಪೆಟ್ ಇರುವ ಮನೆಯೊಳಗೆ ಒತ್ತಿ ಎಳೆಯುವುದೇ ವಾಸಿ.

ಮೂಲೆ ಪಟ್ಟಿ

ಚಿಮ್ನಿ ಗೋಡೆಯ ಅಂದ ಅದರ ಎರಡು ಹೊರಮೂಲೆಗಳಲ್ಲಿದೆ. ಮೂಲೆ ಓರೆಯಾದರೆ ಕೋಣೆಗೆ ಕಾಲಿಟ್ಟ ತಕ್ಷಣ ಗೊತ್ತಾಗುತ್ತದೆ. ಪಕ್ಕದಲ್ಲಿ ಶೆಲ್ಫ್ ಮಾಡಿಸುವಾಗಲಂತೂ ಬಡಗಿ ಬೈಯದೆ ಇರುವುದಿಲ್ಲ.

ಗಾರೆಗೆ ಹೊಂದುವ ದಪ್ಪದ ಮೂಲೆ ಪಟ್ಟಿ ತನ್ನಿ. ತಗಡಿನದ್ದು ಬೇಡ, ಉಪ್ಪು ತೇವ ತಾಗಿ ತುಕ್ಕು ಹಿಡಿದು ಕಲೆಯಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತನ್ನಿ, ಬೆಂಕಿ ಇಲ್ಲದಿದ್ದರೆ ಪಿವಿಸಿ ಆದರೂ ಸರಿ. ಗಾರೆಯ ಮುದ್ದೆಗಳ ಮೇಲೆ ಪಟ್ಟಿ ಒತ್ತಿ, ರಸಮಟ್ಟ ಇಟ್ಟು ಎರಡೂ ಮುಖದ ಕಡೆಯಿಂದ ನೆಟ್ಟಗೆ ನಿಂತಿದೆಯಾ ನೋಡಿ. ಆಮೇಲೆ ಎರಡು ಪಟ್ಟಿಗಳ ನಡುವಿನ ಅಂತರವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಮೂರೂ ಒಂದೇ ಬರಬೇಕು. ಕೊನೆಗೆ ಉದ್ದ ಪಟ್ಟಿಯನ್ನು ಎರಡರ ಮೇಲೂ ಅಡ್ಡ ಇಟ್ಟು, ಅದು ಹಿಂದಿನ ಗೋಡೆಗೆ ಸಮಾನಾಂತರವಾಗಿದೆಯಾ ನೋಡಿ. ಹಳೆಯ ಇಟ್ಟಿಗೆ ಕೆಲಸ 20 ಮಿಲಿಮೀಟರ್ ಓರೆ ಇರುವುದು ಸಾಮಾನ್ಯ. ಹೊರಬಂದ ಇಟ್ಟಿಗೆಯ ಮೇಲೂ ಗಾರೆ ಕನಿಷ್ಠ 10 ಮಿಲಿಮೀಟರ್ ಬರುವ ಹಾಗೆ ಪಟ್ಟಿ ಕೂರಿಸಿ. ರಾತ್ರಿ ಪೂರ್ತಿ ಗಟ್ಟಿಯಾಗಲು ಬಿಡಿ.

ಮೊದಲ ಪದರ

ಹಿಂದಿನ ಸಂಜೆ ಒಮ್ಮೆ, ಕೆಲಸಕ್ಕೆ ಒಂದು ಗಂಟೆ ಮುಂಚೆ ಇನ್ನೊಮ್ಮೆ ಗೋಡೆಗೆ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಟ್ಟರೆ ಗಾರೆ ಗಟ್ಟಿಯಾಗುವ ಮುಂಚೆಯೇ ಒಣಗಿ ಪುಡಿಯಾಗುತ್ತದೆ. ಇಟ್ಟಿಗೆಯ ಬಣ್ಣ ಗಾಢವಾಗಿರಬೇಕು, ಮೇಲೆ ನೀರು ಹೊಳೆಯಬಾರದು. ತೊಳೆಯುವುದು ಬೇಡ ಅಂದೆ ಅಲ್ವಾ? ಈ ಸಿಂಪರಣೆಯ ನೀರು ಸ್ವಲ್ಪವೇ. ಉಪ್ಪು ಉಜ್ಜಿ ತೆಗೆದ ಮೇಲೆ ಇದರಿಂದ ತೊಂದರೆ ಇಲ್ಲ.

ಪಾಲು ಅಳೆಯುವುದು ಬಕೆಟ್‌ನಲ್ಲಿ, ಸಲಿಕೆಯಲ್ಲಲ್ಲ. ಸಲಿಕೆ ತುಂಬಿದ ಸಿಮೆಂಟಿಗೂ ಒದ್ದೆ ಮರಳಿಗೂ ಅಜಗಜಾಂತರ. ಒಣಗಿದ ಹಾಗೇ ಚೆನ್ನಾಗಿ ಬೆರೆಸಿ, ಆಮೇಲೆ ನೀರು. ಕರಣೆಯ ಮೇಲೆ ನಿಲ್ಲಬೇಕು, ಓರೆ ಮಾಡಿದರೆ ನಿಧಾನಕ್ಕೆ ಜಾರಬೇಕು. ಸುಣ್ಣ ಕಣ್ಣಿಗೆ ಸಿಡಿದರೆ ಸುಡುತ್ತದೆ. ಕನ್ನಡಕ, ಗ್ಲೌಸ್ ಕಡ್ಡಾಯ. ಸಿಡಿದರೆ ತಕ್ಷಣ ಬಹಳ ಹೊತ್ತು ನೀರು ಹಾಕಿ ತೊಳೆದು ವೈದ್ಯರ ಹತ್ತಿರ ಹೋಗಿ. ಮೊದಲು ಸೀಮೆಸುಣ್ಣದಿಂದ ಗುರುತು ಮಾಡಿದ ಕಪ್ಪು ಜಾಗವಿದ್ದರೆ, ಸಿಮೆಂಟ್ ಗಾರೆಯ ಈ ಪದರಕ್ಕೆ ಮಾತ್ರ ಉಪ್ಪು ತಡೆಯುವ ದ್ರಾವಣ ಸೇರಿಸಿ. ಅಳತೆ ಡಬ್ಬಿಯ ಮೇಲೆ ಬರೆದಷ್ಟೇ.

ಕೆಳಗಿಂದ ಮೇಲಕ್ಕೆ, ಮೈಭಾರ ಹಾಕಿ ಒತ್ತಿ. ಗಾರೆ ಸಂದಿನೊಳಗೆ ನುಗ್ಗಬೇಕು, ಅದಕ್ಕೇ ಕೆರೆದದ್ದು. ದಪ್ಪ 10 ಮಿಲಿಮೀಟರ್. ಗುಂಡಿ ಇದ್ದ ಕಡೆ ಒಂದೇ ಸಲ ತುಂಬಲು ಹೋಗಬೇಡಿ. 15 ದಾಟಿದರೆ ತನ್ನ ಭಾರಕ್ಕೇ ಜೋತುಬೀಳುತ್ತದೆ. ಅಂಥ ಗುಂಡಿಯನ್ನು ಹಿಂದಿನ ದಿನವೇ ತುಂಬಿಸಿಡಬೇಕು. ಬಲೆಯ ತುಂಡುಗಳನ್ನು ಹಸಿ ಗಾರೆಗೆ ಒತ್ತಿ ಕರಣೆಯಿಂದ ಎಳೆದುಬಿಡಿ.

ಬೆರಳಿಟ್ಟರೆ ಗುರುತು ಬಿದ್ದು, ಗಾರೆ ಅಂಟದೆ ಇರುವ ಹೊತ್ತಿಗೆ ಮೈತುಂಬಾ ಅಲೆಅಲೆಯಾಗಿ ಗೀರು ಹಾಕಿ. ಗೀರಿನ ಆಳ ಪದರದ ಅರ್ಧ ದಾಟದಿರಲಿ. ಎರಡು ಮೂರು ದಿನ ಬೆಳಿಗ್ಗೆ ಸಂಜೆ ಹಗುರವಾಗಿ ನೀರು ಸಿಂಪಡಿಸಿ. ಆ ಕೋಣೆಯಲ್ಲಿ ಹೀಟಿಂಗ್ ಬೇಡ. ಆದರೆ 5 ಡಿಗ್ರಿಗಿಂತ ಕೆಳಗೆ ಚಳಿ ಇದ್ದರೆ ಕೆಲಸಕ್ಕೇ ಇಳಿಯಬೇಡಿ. ಸಿಮೆಂಟ್ ಗಾರೆಗೆ ನಾಲ್ಕೈದು ದಿನ, ಎನ್‌ಎಚ್‌ಎಲ್ ಸುಣ್ಣಕ್ಕೆ ಮಿಲಿಮೀಟರಿಗೆ ಒಂದು ದಿನದ ಲೆಕ್ಕದಲ್ಲಿ ಬಿಡುವು ಕೊಡಿ. ಕೂದಲೆಳೆ ಬಿರುಕು ಬಂದರೆ ಹೆದರಬೇಡಿ. ಕುಗ್ಗುವುದೆಲ್ಲ ಈ ಪದರದಲ್ಲೇ ಆಗಿಹೋಗಲಿ.

ಎರಡನೆಯ ಪದರ

ಮೊದಲಿನ ಪದರಕ್ಕೆ ನೀರು ಸಿಂಪಡಿಸಿ, ಅದೇ ಪಾಲಿನ ಅಥವಾ ಅದಕ್ಕಿಂತ ಸ್ವಲ್ಪ ಮೆದು ಗಾರೆಯನ್ನು 8 ಮಿಲಿಮೀಟರ್ ಮೆತ್ತಿ. ಯಾವತ್ತೂ ಇದು ಒಳಗಿನದಕ್ಕಿಂತ ಗಟ್ಟಿ ಇರಬಾರದು. ಉದ್ದ ಪಟ್ಟಿಯನ್ನು ಎರಡೂ ಮೂಲೆ ಪಟ್ಟಿಗಳ ಮೇಲಿಟ್ಟು ಅತ್ತಿತ್ತ ಅಲುಗಿಸುತ್ತಾ ಮೇಲಕ್ಕೆ ಎಳೆಯಿರಿ. ಜಾಸ್ತಿ ಇದ್ದದ್ದು ಪಟ್ಟಿಗೆ ಬರುತ್ತದೆ, ಕಮ್ಮಿ ಇದ್ದ ಕಡೆ ತಗ್ಗು ಕಾಣುತ್ತದೆ. ತಗ್ಗಿಗೆ ತುಂಬಿ ಮತ್ತೆ ಎಳೆಯಿರಿ. ಮೂರು ನಾಲ್ಕು ಸಲಕ್ಕೆ ಸಮ ಆಗುತ್ತದೆ.

ಬಿಗಿಯಾಗಲು ಶುರುವಾದಾಗ ಮರದ ಹಲಗೆಯಿಂದ ಸುತ್ತು ಸುತ್ತಾಗಿ ಉಜ್ಜಿ. ಕೊನೆಗೆ ಹಲಗೆಯ ಮೂಲೆಗಳಿಗೆ ಮೊಳೆ ಬಡಿದು, ತುದಿ ಎರಡು ಮೂರು ಮಿಲಿಮೀಟರ್ ಹೊರಬರುವ ಹಾಗೆ ಮಾಡಿ, ಅದರಿಂದ ಇನ್ನೊಮ್ಮೆ ಉಜ್ಜಿದರೆ ಮೇಲೆ ಸಣ್ಣ ಸಣ್ಣ ಗೀರು ಬೀಳುತ್ತದೆ. ಲೇಪ ಹಿಡಿಯುವುದು ಅದಕ್ಕೇ. ಮೂಲೆ ಪಟ್ಟಿಯ ಅಂಚಿಗಿಂತ ಗಾರೆ 2ರಿಂದ 3 ಮಿಲಿಮೀಟರ್ ಒಳಗೆ ನಿಂತಿರಬೇಕು. ಈ ಜಾಗ ಬಿಡದಿದ್ದರೆ ನಾಳೆ ಲೇಪ ಕೂರುವುದೆಲ್ಲಿ? ಇದಕ್ಕೂ ಮೊದಲಿನಷ್ಟೇ ದಿನ ಬಿಡುವು.

ನುಣುಪು ಲೇಪ

ಜಿಪ್ಸಮ್ ಲೇಪಕ್ಕೆ ಬಕೆಟ್ ತೊಳೆದು ಹೊಳೆಯುತ್ತಿರಬೇಕು. ಹಿಂದಿನ ಸಲದ ಒಣ ಚೂರು ಉಳಿದಿದ್ದರೆ ಹೊಸದು ಬೇಗ ಗಟ್ಟಿಯಾಗಿ ಕೈ ಕೊಡುತ್ತದೆ. ತಣ್ಣೀರಿಗೆ ಪುಡಿ ಹಾಕಿ, ಪುಡಿಗೆ ನೀರಲ್ಲ. ಗಂಟಿಲ್ಲದೆ ಗಟ್ಟಿ ಮೊಸರಿನ ಹದಕ್ಕೆ ಬರಲಿ. ಅಲ್ಲಿಂದ ಸುಮಾರು ಒಂದೂವರೆ ಗಂಟೆ ನಿಮ್ಮ ಕೈಯಲ್ಲಿದೆ. ಮೊದಲ ಸಲ ಮಾಡುವವರು ಮುಂಭಾಗವನ್ನು ಒಂದು ಕಲಸಿಗೆ, ಎರಡು ಪಕ್ಕಗಳನ್ನು ಇನ್ನೊಂದು ಕಲಸಿಗೆ ಇಟ್ಟುಕೊಳ್ಳಿ.

ಗಾರೆ ಪೂರ್ತಿ ಒಣಗಿದ್ದರೆ ನೀರು ಸಿಂಪಡಿಸಿ. ಮೊದಲ ಲೇಪ 2 ಮಿಲಿಮೀಟರ್, ಮೂಲೆಯಿಂದ ಒಳಕ್ಕೆ. ಇಲ್ಲಿ ಅಂದದ ಚಿಂತೆ ಬೇಡ, ಎಲ್ಲ ಕಡೆ ಮುಚ್ಚಿದರೆ ಸಾಕು. 20 ನಿಮಿಷ ಕಳೆದು, ಬೆರಳಿಗೆ ಅಂಟು ಕಮ್ಮಿ ಆದಾಗ ಖಾಲಿ ಕರಣೆಯಿಂದ ಏರುತಗ್ಗು ಎಳೆದು ಸಮ ಮಾಡಿ. ತಕ್ಷಣ ಎರಡನೆಯ ಲೇಪ, 1 ಮಿಲಿಮೀಟರ್, ಸ್ವಲ್ಪ ನೀರಾಗಿ.

ಇನ್ನು ಮುಂದಿನದು ಕಾಯುವ ಕೆಲಸ. ಗೋಡೆಯ ಹೊಳಪು ನಿಧಾನಕ್ಕೆ ಮಂಕಾಗುತ್ತದೆ. ಎಲ್ಲಿ ಮೊದಲು ಮಂಕಾಯಿತೋ ಅಲ್ಲಿಂದ ಶುರು ಮಾಡಿ. ಕರಣೆಯ ಮುಂದಿನ ಅಂಚು ಸ್ವಲ್ಪ ಎತ್ತಿರಲಿ. ಪೂರ್ತಿ ಚಪ್ಪಟೆ ಇಟ್ಟರೆ ಹಸಿ ಲೇಪ ಹಿಡಿದುಕೊಂಡು ಕಿತ್ತುಬರುತ್ತದೆ. ಉದ್ದ ಎಳೆತ, ಒಂದೇ ಒತ್ತಡ. ಕರಣೆಯ ಅಂಚಿನಲ್ಲಿ ಸೇರುವ ಮೆತ್ತನೆ ಕೆನೆಯನ್ನು ಸಣ್ಣ ರಂಧ್ರಗಳಿಗೆ ಎಳೆಯಿರಿ. ಕಾಲು ಗಂಟೆ ಬಿಟ್ಟು ಅಡ್ಡಕ್ಕೆ ಇನ್ನೊಂದು ಸುತ್ತು, ಈ ಸಲ ಒತ್ತಡ ಜಾಸ್ತಿ. ಕೊನೆಯ ಸುತ್ತಿಗೆ ಬ್ರಷ್‌ನಿಂದ ನಾಲ್ಕು ಹನಿ ನೀರು ಚಿಮುಕಿಸಬಹುದು. ಹೊಳೆಯುವ ತನಕ ಉಜ್ಜುತ್ತಲೇ ಇರಬೇಡಿ. ಕನ್ನಡಿಯಂತಾದ ಮೈಗೆ ಬಣ್ಣ ಹಿಡಿಯುವುದಿಲ್ಲ.

ಸುಣ್ಣದ ದಾರಿ ಹಿಡಿದವರಿಗೆ ಇಷ್ಟು ಅವಸರ ಇಲ್ಲ. ನೆನೆಸಿದ ಸುಣ್ಣದ ಮುದ್ದೆಗೆ ಸಮಪಾಲು ನುಣ್ಣನೆ ಬಿಳಿ ಮರಳು ಸೇರಿಸಿದ ಸಿದ್ಧ ಲೇಪವೇ ಸಿಗುತ್ತದೆ. ಎರಡು ತೆಳು ಪದರ, ಬಿಗಿಯಾಗುತ್ತಾ ಬಂದಾಗ ಸ್ಪಂಜಿನ ಹಲಗೆಯಿಂದ ಉಜ್ಜಿ, ಆಮೇಲೆ ಕರಣೆ. ಕೆಲವು ದಿನ ಒದ್ದೆ ಬಟ್ಟೆ ಅಥವಾ ಸಿಂಪರಣೆಯಿಂದ ತೇವ ಇಡಿ.

ಒಣಗಿದ ಮೇಲೆ

ಜಿಪ್ಸಮ್ ಗಾಢ ಗುಲಾಬಿಯಿಂದ ಪೂರ್ತಿ ತಿಳಿ ಗುಲಾಬಿ ಆಗುವ ತನಕ ಬಣ್ಣ ಬೇಡ. ಒಂದೆರಡು ವಾರ ಬೇಕು. ಅವಸರಕ್ಕೆ ಹೀಟರ್ ಮುಂದಿಟ್ಟರೆ ಬಿರುಕು ಖಾತ್ರಿ. ಕಿಟಕಿ ಸ್ವಲ್ಪ ತೆರೆದಿಡಿ, ಸಾಕು. ಮೊದಲ ಕೋಟಿಗೆ ಸಾದಾ ಮ್ಯಾಟ್ ಎಮಲ್ಷನ್‌ಗೆ ನೀರು ಬೆರೆಸಿ ತೆಳ್ಳಗೆ ಹೊಡೆಯಿರಿ, 3 ಪಾಲು ಬಣ್ಣಕ್ಕೆ 1 ಪಾಲು ನೀರು. ವಿನೈಲ್ ಸಿಲ್ಕ್ ಇಲ್ಲಿ ಬೇಡ, ಅದು ಗೋಡೆಯ ಬಾಯಿ ಮುಚ್ಚುತ್ತದೆ. ಸುಣ್ಣದ ಗಾರೆಯ ಮೇಲೆ ಸುಣ್ಣದ ನೀರು ಅಥವಾ ಜೇಡಿಮಣ್ಣಿನ ಬಣ್ಣ ಚೆನ್ನ. ಕಲೆ ಮತ್ತೆ ಕಂಡರೆ ಅದರ ಮೇಲೆ ಕಲೆ ಮುಚ್ಚುವ ಬಣ್ಣ ಹೊಡೆದು ಸುಮ್ಮನಾಗಬೇಡಿ. ಮೊದಲು ಛಾವಣಿ, ಆಮೇಲೆ ಗಾಳಿ ಕಿಂಡಿ ನೋಡಿ.

ಕಟ್ಟಿಗೆ ಒಲೆ ಇರುವವರು ಸುಣ್ಣದ ಗಾರೆ ಮುಗಿದು ಕನಿಷ್ಠ ಒಂದು ತಿಂಗಳು ಬೆಂಕಿ ಹಾಕಬೇಡಿ. ಆಮೇಲೂ ಮೊದಲ ಕೆಲವು ಸಲ ಚಿಕ್ಕ ಬೆಂಕಿ. ಒಲೆಯ ಗೂಡಿನ ಒಳಮೈಗೆ ಸುಣ್ಣ ಅಥವಾ ಬಿಸಿ ತಾಳುವ ಗಾರೆ ಮಾತ್ರ. ಇಂಗ್ಲೆಂಡಿನ ನಿಯಮದ ಪ್ರಕಾರ ಹೊತ್ತಿಕೊಳ್ಳುವ ವಸ್ತು ಕೊಳವೆಯ ಒಳಮೈಯಿಂದ 200 ಮಿಲಿಮೀಟರ್ ಅಥವಾ ಇಟ್ಟಿಗೆ ಚಿಮ್ನಿಯ ಹೊರಮೈಯಿಂದ 40 ಮಿಲಿಮೀಟರ್ ದೂರ ಇರಬೇಕು. ಹಾಗಾಗಿ ಗಾರೆಯ ಬದಲು ಮರದ ಚೌಕಟ್ಟು ಹೊಡೆದು ಹಲಗೆ ಮುಚ್ಚುವ ಯೋಚನೆ ಉರಿಯುವ ಚಿಮ್ನಿಗೆ ಬೇಡ. ಹೊಸ ಒಲೆ ಕೂರಿಸಿದಾಗ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕಡ್ಡಾಯ.

ಕೊನೆಗೆ ಟಿವಿ. ಎಲ್ಲರಿಗೂ ಅದನ್ನು ಈ ಗೋಡೆಗೇ ನೇತುಹಾಕಬೇಕು. ಕೊಳವೆಯ ಮುಂದಿರುವ ಇಟ್ಟಿಗೆ ಸಾಮಾನ್ಯವಾಗಿ ಅರ್ಧ ಇಟ್ಟಿಗೆ ದಪ್ಪ, ಅಂದ್ರೆ 4 ಇಂಚು ಚಿಲ್ಲರೆ. ಡ್ರಿಲ್ ಬಿಟ್‌ಗೆ 70 ಮಿಲಿಮೀಟರಿನಲ್ಲಿ ಟೇಪ್ ಸುತ್ತಿ ಅಲ್ಲಿಗೇ ನಿಲ್ಲಿಸಿ. ಸಂದಿಗೆ ಬಿದ್ದರೆ ಪ್ಲಗ್ ಹಿಡಿಯುವುದಿಲ್ಲ, ಇಟ್ಟಿಗೆಯ ನಡುವಿಗೇ ಕೊರೆಯಬೇಕು. ಗಾರೆಗೂ ಮುಂಚೆ ತೆಗೆದಿಟ್ಟ ಫೋಟೋ ಈಗ ಹೊರಗೆ ತೆಗೆಯಿರಿ. ಇಟ್ಟಿಗೆ ಎಲ್ಲಿದೆ, ಕೊಳವೆ ಎಲ್ಲಿ ಬಾಗಿದೆ ಎರಡೂ ಅದರಲ್ಲಿದೆ. ಒಲೆ ಉರಿಯುವ ಚಿಮ್ನಿಯಾದರೆ ಕೊಳವೆಯ ದಾರಿಯಲ್ಲಿ ಡ್ರಿಲ್ ಇಡಲೇಬೇಡಿ. ಟಿವಿ ಪಕ್ಕದ ಗೋಡೆಗೆ ಹೋಗಲಿ.